ಹೂವಿಲ್ಲದ ನಾರು

ಗಿರಣಿ ನಿಂತು ಒಂಬತ್ತು ವರ್ಷ.
ಪೆನಾಬ್‌ಸ್ಕಾಟ್ ನದಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ,
ಹಳೇ ತೂಬಿನ ಬಾಯಿಗೆ ದಿನಾ ಬಂದು
ಕೆಲಸ ಕೇಳಿ, ಒಂದು ಸುತ್ತು ಸುತ್ತಿ, ಹೋಗುತ್ತದೆ.

ನಾಲ್ಕನೇ ಶೆಡ್ಡಿನ ಮೂಲೆಯಲ್ಲಿ ನಮ್ಮ ಮೇಜು.
ಬಕೆಟ್ಟಿನಲ್ಲಿ ಸ್ಪ್ರೂಸ್ ಮರದ ತಿರುಳು.
ಮರ ಅಂದರೆ ನೋಡಿದವರು ನಂಬುವುದಿಲ್ಲ:
ನೂರರಲ್ಲಿ ತೊಂಬತ್ತೊಂಬತ್ತು ಪಾಲು ನೀರು,
ಉಳಿದೊಂದು ಪಾಲು ಹಟ.
ಕಲಕಿದರೆ ತೆಳು ಗಂಜಿ,
ಸುಮ್ಮನೆ ಬಿಟ್ಟರೆ ಗಟ್ಟಿ ಮೊಸರು.

ಒಳಗೆ, ಕೂದಲನ್ನು ಸಾವಿರಾರು ಸಲ ಸೀಳಿದಷ್ಟು ಸಣ್ಣ ಎಳೆಗಳು,
ಗಂಟೆ ಹೊಡೆದ ಮೇಲಿನ ಶಾಲೆಯ ಹಾಗೆ
ದಿಕ್ಕಿಗೊಂದು ಓಟ.
ಅವನ್ನು ಕಿರುಗಾಲುವೆಗೆ ತಳ್ಳಬೇಕು,
ಎರಡೂ ಮಗ್ಗುಲಿಂದ ನೀರು ಒತ್ತಬೇಕು,
ವೇಗ ಏರಿದಂತೆ ಎಲ್ಲವೂ ಒಂದೇ ಕಡೆ ತಲೆ ಹಾಕುತ್ತವೆ;
ಆ ಗಳಿಗೆಗೆ ಆಮ್ಲ ತಾಗಿಸಿ
ಇದ್ದವನ್ನು ಇದ್ದಲ್ಲೇ ನಿಲ್ಲಿಸಬೇಕು.
ಇಷ್ಟೇ.
ಈ ‘ಇಷ್ಟೇ’ಗೆ ಹದಿನಾಲ್ಕು ತಿಂಗಳು ಹಿಡಿಯಿತು.

ನೂಲೇನೋ ಬಂತು. ಒಣಗಿತೋ,
ಹುರಿದ ಶಾವಿಗೆಯಂತೆ ಸೊಟ್ಟ.
ಯಂತ್ರದ ದವಡೆಗೆ ಕೊಟ್ಟು ಎಳೆದರೆ
ಸದ್ದು ಕೂಡ ಇಲ್ಲ,
ಪರದೆಯ ಮೇಲಿನ ಗೆರೆ ತಟ್ಟನೆ ಬೀಳುತ್ತಿತ್ತು.

ರೋಲಾಂಡ್ ಥಿಬಡೋ ರಾತ್ರಿ ಕಾವಲಿನವನು.
ಅದಕ್ಕೂ ಮುಂಚೆ ಮೂವತ್ತೊಂದು ವರ್ಷ
ಇದೇ ಗಿರಣಿಯ ಮೂರನೇ ಕಾಗದ ಯಂತ್ರದವನು.
ಬಲಗೈಯ ಎರಡು ಬೆರಳು ಆ ಯಂತ್ರದ ಲೆಕ್ಕಕ್ಕೆ ಸೇರಿವೆ.
ಹನ್ನೊಂದರ ಹೊತ್ತಿಗೆ ಕಾಫಿ ಹಿಡಿದು ಬಂದು
ನಮ್ಮ ಸೋಲುಗಳನ್ನು ಮರ್ಯಾದೆಯಿಂದ ನೋಡುತ್ತಿದ್ದ.

ಒಂದು ರಾತ್ರಿ ಕೇಳಿದ:
“ಒಣಗುವಾಗ ಯಾರು ಹಿಡಿದುಕೊಂಡಿರುತ್ತಾರೆ?”
“ಯಾರನ್ನು?”
“ಅದನ್ನು.”

ಕಾಗದವೂ ಹೀಗೇ, ಅಂದ. ಸಡಿಲ ಬಿಟ್ಟರೆ
ಮುನಿಸಿಕೊಂಡು ಮುದುಡುತ್ತದೆ.
ಜೇಬು ತಡಕಿ ಒಂದು ತವರದ ಗುಂಡು ತೆಗೆದ,
ಗಾಳದ ದಾರಕ್ಕೆ ಕಚ್ಚಿಸುವಂಥದ್ದು, ಮೆಣಸಿನಕಾಳಿನಷ್ಟು.
ಒದ್ದೆ ನೂಲಿನ ತುದಿ ಅದರ ಸೀಳಿಗೆ ತೂರಿಸಿ
ಹಲ್ಲಿನಿಂದ ಮೆಲ್ಲಗೆ ಒತ್ತಿ
ಗೋಡೆಯ ಮೊಳೆಗೆ ತೂಗುಬಿಟ್ಟು
ಗೇಟಿಗೆ ಬೀಗ ಹಾಕಲು ಹೋದ.

ಬೆಳಿಗ್ಗೆ ನೂಲು
ಯಾರೋ ಹೇಳಿದ ನಿಜದ ಹಾಗೆ ನೆಟ್ಟಗಿತ್ತು.
ದವಡೆಗೆ ಕೊಟ್ಟೆವು. ಗೆರೆ ಏರಿತು,
ಹಳೇ ಗುರುತು ದಾಟಿತು,
ಪರದೆಯ ಮೇಲಂಚಿಗೆ ಹೋಗಿ ತಲೆ ಬಡಿಯಿತು.
“ತೂಕಕ್ಕೆ ತೂಕ ಹಾಕಿದರೆ ಉಕ್ಕಿನ ತಕ್ಕಡಿಯೇ ಮೇಲೆ!”
ಲೊರೇನ್ ಮಿಶೋ ಕೂಗಿದ್ದಕ್ಕೆ
ಮಾಡಿನ ಪಾರಿವಾಳಗಳು ಎದ್ದವು.

ಹೂವಿನ ಜೊತೆ ನಾರೂ ಸ್ವರ್ಗ ಸೇರಿತು
ಅನ್ನುತ್ತದೆ ನನ್ನ ಭಾಷೆ.
ಸ್ವರ್ಗ ಬೇಕಿತ್ತೇ ಎಂದು ನಾರನ್ನು ಕೇಳಿದವರಿಲ್ಲ.
ಸ್ಪ್ರೂಸಾದರೋ ಹೂ ಬಿಡುವ ಜಾತಿಯೇ ಅಲ್ಲ;
ಇನ್ನೂರು ಅಡಿ ಚಳಿಯಲ್ಲಿ ನಿಂತದ್ದೂ ನಾರು,
ಗಾಳಿಗೆ ಬಾಗಿದ್ದೂ ನಾರು,
ಯಾರ ಕೊರಳಿನ ನೆಪವೂ ಇಲ್ಲದೆ.

ವರದಿಯಲ್ಲಿ ಐದು ಹೆಸರು ಬಂದವು.
ಕಾವಲಿನವರಿಗೆ ಅಂಕಣ ಇರಲಿಲ್ಲ.
ನಾನೂ ಒಂದು ಸಲ ಬಾಯಿ ತೆರೆದು,
ಮುಚ್ಚಿಕೊಂಡೆ.

ಅವನು ಕೇಳಿದ್ದು ಒಂದು ಮೊಳ ನೂಲು.
ಕೊಕ್ಕೆಗೆ ಬಾತಿನ ಗರಿ ಸುತ್ತಿ,
ಮೂರು ಬೆರಳಿನ ನಾಜೂಕಿನಲ್ಲಿ ನೊಣ ಕಟ್ಟಿ
ಶನಿವಾರ ನದಿಗಿಳಿದನಂತೆ.
ನೀರು ಮುಟ್ಟಿದ್ದೇ ತಡ,
ನೂಲು ಉಬ್ಬಿತು, ಸಡಿಲಿತು, ಗರಿ ಬಿಚ್ಚಿಕೊಂಡಿತು,
ಬಾಸ್ ಮೀನೊಂದು ಬಂದು
ಬೋಳು ಕೊಕ್ಕೆಯನ್ನು ಮೂಸಿ ವಾಪಸಾಯಿತು.

ಸೋಮವಾರ ಆ ಕೊಕ್ಕೆ ನಮ್ಮ ಮೇಜಿನ ಮೇಲೆ.
ಅವನು ನಕ್ಕ ನಗುವಿಗೆ ಕಾಫಿ ತುಳುಕಿತು.

ಲೊರೇನ್ ನಗಲಿಲ್ಲ. ದಪ್ಪ ಪುಸ್ತಕ ತೆರೆದು,
ಒಂದೊಂದೇ ಅಕ್ಷರ ಬಿಡಿಸಿ ಬರೆದಳು:

ಮಾದರಿ ಇನ್ನೂರ ಹನ್ನೆರಡು.
ಒಣಗಿದಾಗ ಬಲು ಗಟ್ಟಿ. ಒದ್ದೆಯಲ್ಲಿ ಕೈಬಿಟ್ಟಿತು.
ಉಪಕರಣ: ನದಿ.
ಪರೀಕ್ಷಿಸಿದವರು: ಆರ್. ಥಿಬಡೋ.